ಕಿವಿಗೊಡುವ ವಿದ್ಯೆ

ಹೊಸಪೇಟೆಯ ಒಂದು ಮನೆ. ಬೇಸಗೆಯ ಮಧ್ಯಾಹ್ನ, ಮೂರು ಗಂಟೆಯ ಸಮಯ. ಮನೆಯೊಡತಿ ಊಟದ ಪಾತ್ರೆಗಳನ್ನು ಎತ್ತಿಟ್ಟು, ಸೆರಗಿನಿಂದ ಬೆವರೊರೆಸಿಕೊಂಡು, ವಾರಪತ್ರಿಕೆಯ ಧಾರಾವಾಹಿಯನ್ನು ಎಲ್ಲಿ ನಿಲ್ಲಿಸಿದ್ದೆನೆಂದು ಹುಡುಕುತ್ತಿರುವಾಗ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಲ್ಲುತ್ತಾಳೆ. ಸಕ್ಕರೆ ಕೇಳಲು ಬಂದವಳಂತೆ ಕೈಯಲ್ಲೊಂದು ಬಟ್ಟಲು. ಆದರೆ ಸಕ್ಕರೆಯನ್ನು ಕೇಳುವುದಿಲ್ಲ.

"ಅಕ್ಕಾರ, ಎರಡು ತಿಂಗಳಾತ್ರೀ, ರಾತ್ರಿ ಕಣ್ಣಿಗೆ ನಿದ್ದೀನೇ ಹತ್ತವಲ್ದು. ಎದಿ ಹಾರ್ತೈತಿ. ಯಾರ ಮುಂದ ಹೇಳ್ಲಿ?"

ಮನೆಯೊಡತಿ ಒಳ್ಳೆಯವಳು. ಕೂಡಲೇ ಕಾಫಿಗೆ ಇಡುತ್ತಾಳೆ. ಕಾಫಿ ಕುದಿಯುವಷ್ಟರಲ್ಲಿ ನಾಲ್ಕು ಸಲಹೆಗಳನ್ನೂ ಕೊಟ್ಟಿರುತ್ತಾಳೆ. ಮಲಗುವಾಗ ಬಿಸಿ ಹಾಲು ಕುಡಿಯಬೇಕು. ಇಲ್ಲದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಸಂಡೂರಿಗೆ ಹೋಗಿ ಕುಮಾರಸ್ವಾಮಿಗೆ ಒಂದು ಹಣ್ಣುಕಾಯಿ ಮಾಡಿಸಿಕೊಂಡು ಬರಬೇಕು. ತನ್ನ ತಂಗಿಗೂ ಹೀಗೆಯೇ ಆಗಿತ್ತು, ತಾನಾಗಿಯೇ ಹೋಯಿತು. ಪಕ್ಕದ ಮನೆಯಾಕೆ ಕಾಫಿ ಕುಡಿದು, "ಆತ್ರೀ ಅಕ್ಕಾರ" ಎಂದು ಎದ್ದುಹೋಗುತ್ತಾಳೆ. ಬಟ್ಟಲು ಅಲ್ಲಿಯೇ ಉಳಿಯುತ್ತದೆ. ಹೇಳಬೇಕೆಂದು ಬಂದ ಮಾತೂ ಆಕೆಯ ಎದೆಯಲ್ಲಿಯೇ ಉಳಿಯುತ್ತದೆ.

ಇದು ಒಂದು ಮನೆಯ ಕಥೆಯಲ್ಲ, ಎಲ್ಲ ಮನೆಗಳ ಕಥೆ. ವಾಚಕರೇ, ತಮ್ಮ ಮನೆಯಲ್ಲಿಯೂ ಇಂಥ ಬಟ್ಟಲೊಂದು ಮರೆತು ಉಳಿದಿರಬಹುದು. ಸಲಹೆ ಕೊಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಕೇಳುವುದರಲ್ಲಿ ಮಾತ್ರ ಬಡವರು. ಕೇಳುವುದೂ ಒಂದು ವಿದ್ಯೆ, ಅದನ್ನೂ ಗುರುಮುಖದಿಂದ ಕಲಿಯಬೇಕು, ವರ್ಷಗಟ್ಟಲೆ ಸಾಧನೆ ಮಾಡಬೇಕು ಎಂದರೆ ನಗು ಬಂದೀತು. ಆದರೆ ಇಂದು ಆ ವಿದ್ಯೆಗೆ ಪಠ್ಯಕ್ರಮವಿದೆ, ಪರೀಕ್ಷೆಯಿದೆ, ಪದವಿಯಿದೆ. ಅದರ ಹೆಸರು ಆಪ್ತ ಸಮಾಲೋಚನೆ.

ಹೆಸರಿನಲ್ಲಿಯೇ ಒಂದು ತೊಡಕು

ಇಂಗ್ಲಿಷಿನ 'ಕೌನ್ಸೆಲಿಂಗ್' ಎಂಬ ಮಾತಿಗೆ ಕನ್ನಡದಲ್ಲಿ ಮೊದಲು 'ಸಲಹೆ' ಎಂದರು. ಬಳಿಕ 'ಆಪ್ತಸಲಹೆ' ಎಂದರು. ಈಗ 'ಆಪ್ತ ಸಮಾಲೋಚನೆ' ಎಂಬುದು ಹೆಚ್ಚು ಬಳಕೆಯಲ್ಲಿದೆ. ಈ ಮೂರು ಮೆಟ್ಟಿಲುಗಳನ್ನು ಗಮನಿಸಿದರೆ ಸಾಕು, ವಿದ್ಯೆಯ ತಿರುಳು ತಿಳಿಯುತ್ತದೆ. ಸಲಹೆಯಲ್ಲಿ ಹೇಳುವವನು ಮೇಲೆ, ಕೇಳುವವನು ಕೆಳಗೆ. ಸಮಾಲೋಚನೆಯಲ್ಲಿ ಇಬ್ಬರೂ ಒಂದೇ ಜಮಖಾನದ ಮೇಲೆ ಕುಳಿತು ಒಂದೇ ತೊಡಕನ್ನು ನೋಡುತ್ತಾರೆ. 'ಆಪ್ತ' ಎಂಬ ವಿಶೇಷಣವಂತೂ ಕನ್ನಡವೇ ತನ್ನ ಕೈಯಿಂದ ಸೇರಿಸಿದ ಸೊಗಸು. ಇಂಗ್ಲಿಷಿನ ಮೂಲಪದದಲ್ಲಿ ಅದು ಇಲ್ಲ.

ಈ ವಿದ್ಯೆಯಲ್ಲಿ ಅನೇಕ ಪಂಥಗಳಿವೆ. ಅವುಗಳಲ್ಲಿ ಒಂದಕ್ಕೆ 'ಮಾನವತಾವಾದಿ ಸಮನ್ವಯ' ಪದ್ಧತಿ ಎನ್ನಬಹುದು. ಇಂಗ್ಲೆಂಡಿನಲ್ಲಿ ಈ ಹೆಸರಿನಲ್ಲಿಯೇ ಡಿಪ್ಲೊಮಾ ತರಗತಿಗಳು ನಡೆಯುತ್ತವೆ. ನಮ್ಮಲ್ಲಿ ಹೆಸರು ಬೇರೆಯಿದ್ದರೂ, ಸಮಾಲೋಚನೆ ಕಲಿಸುವ ಬಹುಪಾಲು ತರಗತಿಗಳ ಅಡಿಪಾಯದಲ್ಲಿ ಇದೇ ಕಲ್ಲುಗಳಿವೆ. ಆದುದರಿಂದ ಈ ಹೆಸರಿನ ಎರಡು ಭಾಗಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ಹೊಲದಿಂದ ಬಂದ ಮನೋವಿಜ್ಞಾನಿ

ಮಾನವತಾವಾದಿ ಎಂಬ ಭಾಗಕ್ಕೆ ಮುಖ್ಯ ಪುರುಷ ಅಮೆರಿಕದ ಕಾರ್ಲ್ ರೋಜರ್ಸ್. 1902ರಲ್ಲಿ ಹುಟ್ಟಿ 1987ರಲ್ಲಿ ತೀರಿಕೊಂಡ ಈತನ ಹದಿಹರೆಯ ಕಳೆದದ್ದು ಹೊಲಮನೆಯಲ್ಲಿ. ಕಾಲೇಜಿಗೆ ಸೇರಿದಾಗ ಆರಿಸಿಕೊಂಡ ಮೊದಲ ವಿಷಯ ಬೇಸಾಯ. ಬಳಿಕ ಧರ್ಮಶಾಸ್ತ್ರ, ಅಲ್ಲಿಂದ ಮನೋವಿಜ್ಞಾನ. ನೆಲಮಾಳಿಗೆಯ ಕತ್ತಲೆಯಲ್ಲಿ ಇಟ್ಟ ಆಲೂಗೆಡ್ಡೆ ಕೂಡ ಬಿಳಿಚಿದ ಮೊಳಕೆಯೊಡೆದು, ದೂರದ ಕಿಟಕಿಯ ಬೆಳಕಿನ ಕಡೆಗೆ ಚಾಚಿಕೊಳ್ಳುತ್ತದೆ ಎಂಬ ಬಾಲ್ಯದ ನೋಟವನ್ನು ಆತ ಮುಪ್ಪಿನವರೆಗೂ ಮರೆಯಲಿಲ್ಲ. ಮನುಷ್ಯನೂ ಹಾಗೆಯೇ, ಎಂಥ ಕತ್ತಲೆಯಲ್ಲಿದ್ದರೂ ಬೆಳೆಯುವ ಹಂಬಲ ಆತನಲ್ಲಿ ಸಾಯುವುದಿಲ್ಲ ಎಂಬುದು ರೋಜರ್ಸನ ನಂಬಿಕೆ. ಕಂಪ್ಲಿಯ ಕಬ್ಬಿನ ಗದ್ದೆಗಳನ್ನು ನೋಡಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳೆಯನ್ನು ಯಾರೂ ಹಿಡಿದೆಳೆದು ಬೆಳೆಸುವುದಿಲ್ಲ. ನೀರು, ಗೊಬ್ಬರ, ಬೆಳಕು ಒದಗಿಸಿ ಕಾಯುತ್ತಾರೆ.

ಆತನ ಬದುಕಿನಲ್ಲಿ ಒಂದು ಪ್ರಸಂಗ ನಡೆಯಿತು. ರೋಚೆಸ್ಟರ್ ಎಂಬ ಊರಿನಲ್ಲಿ ತಂಟೆಕೋರ ಮಕ್ಕಳ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಾಲ. ಒಬ್ಬ ಹುಡುಗನ ಪುಂಡಾಟಕ್ಕೆ ತಾಯಿ ಆತನನ್ನು ಮೊದಲಿನಿಂದಲೂ ದೂರವಿಟ್ಟದ್ದೇ ಕಾರಣವೆಂದು ರೋಜರ್ಸ್ ಕಂಡುಕೊಂಡಿದ್ದ. ವಾರವಾರವೂ ಆ ತಾಯಿಗೆ ಅದನ್ನು ಮನಗಾಣಿಸಲು ಯತ್ನಿಸಿದ. ಫಲವಾಗಲಿಲ್ಲ. ಕೊನೆಗೆ ಸೋಲೊಪ್ಪಿ, ಇನ್ನು ನಿಲ್ಲಿಸೋಣ ಎಂದ. ಆಕೆ ಬಾಗಿಲವರೆಗೆ ಹೋಗಿ ತಿರುಗಿ ನಿಂತು, ಇಲ್ಲಿ ದೊಡ್ಡವರ ಮಾತನ್ನೂ ಕೇಳುತ್ತೀರಾ ಎಂದು ವಿಚಾರಿಸಿದಳು. ಹೌದೆಂದಾಗ ಬಂದು ಕುಳಿತು, ತನ್ನ ದಾಂಪತ್ಯದ ಸೋಲನ್ನೂ ಒಂಟಿತನವನ್ನೂ ತೋಡಿಕೊಂಡಳು. ಈ ಸಲ ರೋಜರ್ಸ್ ವಿವರಿಸಲು ಹೋಗಲಿಲ್ಲ, ಕೇಳಿದ. ಆಮೇಲೆ ಕ್ರಮೇಣ ಮನೆಯ ಸ್ಥಿತಿ ಸುಧಾರಿಸಿತು, ಹುಡುಗನೂ ಸರಿದಾರಿಗೆ ಬಂದ. ಮುಳ್ಳು ಎಲ್ಲಿ ನೆಟ್ಟಿದೆಯೆಂಬುದು ನೆಡಿಸಿಕೊಂಡವನಿಗೇ ಚೆನ್ನಾಗಿ ಗೊತ್ತು ಎಂಬ ಪಾಠವನ್ನು ರೋಜರ್ಸ್ ಆ ದಿನ ಕಲಿತ.

ಆತ 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಚಿಕಿತ್ಸೆಯ ಎಲ್ಲ ಭೇಟಿಗಳನ್ನೂ ಧ್ವನಿಮುದ್ರಣದಿಂದ ಇಳಿಸಿಕೊಂಡು ಅಕ್ಷರಶಃ ಅಚ್ಚು ಹಾಕಿಸಿದ. ಮುಚ್ಚಿದ ಬಾಗಿಲ ಹಿಂದಿನ ಮಾತುಕತೆ ಹೀಗೆ ಕಲಿಯುವವರಿಗೆ ಪಾಠವಾಯಿತು. 1957ರ ಒಂದು ಲೇಖನದಲ್ಲಿ ಮನಸ್ಸು ಮಾರ್ಪಾಡಾಗಲು ಬೇಕಾದ ಸನ್ನಿವೇಶಗಳನ್ನು ಪಟ್ಟಿ ಮಾಡಿದ. ಅವುಗಳಲ್ಲಿ ಸಮಾಲೋಚಕನಿಗೆ ಸೇರಿದವು ಮೂರು: ಎದುರಿನವರ ಲೋಕವನ್ನು ಅವರ ಕಣ್ಣಿನಿಂದಲೇ ನೋಡುವ ಸಹಾನುಭೂತಿ; ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ; ಯಾವ ಕರಾರನ್ನೂ ಹಾಕದ ಆದರ. ಕೇಳಲು ಸುಲಭ. ಒಂದು ಗಳಿಗೆ ಪಾಲಿಸಿ ನೋಡಿ. ಸ್ವಂತ ಮಗ ಪರೀಕ್ಷೆಯಲ್ಲಿ ನಪಾಸಾಗಿ ಬಂದು ನಿಂತಾಗ ಈ ಮೂರರಲ್ಲಿ ಎಷ್ಟು ನಮ್ಮ ಬಳಿ ಉಳಿಯುತ್ತದೆ?

ಸಮನ್ವಯವೆಂದರೆ ಕಲಬೆರಕೆಯಲ್ಲ

ಇನ್ನು ಸಮನ್ವಯ. ಮನಸ್ಸಿನ ತೊಡಕಿಗೆ ಒಬ್ಬೊಬ್ಬ ಪಂಡಿತ ಒಂದೊಂದು ಬಾಗಿಲು ತೆರೆದ. ಬಾಲ್ಯದಲ್ಲಿ ಹೂತುಹೋದದ್ದನ್ನು ಅಗೆಯಬೇಕೆಂದ ಫ್ರಾಯ್ಡ್. ಈಗಿನ ಯೋಚನೆಯ ಜಾಡನ್ನು ತಿದ್ದಬೇಕೆಂದ ಏರನ್ ಬೆಕ್. ಮಾತು ಬಿಟ್ಟು ಈ ಕ್ಷಣದ ಅನುಭವಕ್ಕೆ ಬಾ ಎಂದ ಗೆಸ್ಟಾಲ್ಟ್ ಪಂಥದ ಫ್ರಿಟ್ಸ್ ಪರ್ಲ್ಸ್. ನಮ್ಮೊಬ್ಬೊಬ್ಬರೊಳಗೂ ಒಬ್ಬ ಹಿರಿಯ, ಒಬ್ಬ ವಯಸ್ಕ, ಒಂದು ಮಗು ಮಾತನಾಡುತ್ತಿರುತ್ತಾರೆ, ಮಾತು ಯಾರದೆಂದು ಗುರುತಿಸು ಎಂದ ಎರಿಕ್ ಬರ್ನ್. ಅತ್ತೆ-ಸೊಸೆಯರ ಜಗಳವನ್ನು ಕಿವಿಯಾರೆ ಕೇಳಿದವರಿಗೆ ಬರ್ನನ ಸಿದ್ಧಾಂತ ತಟ್ಟನೆ ಅರ್ಥವಾಗುತ್ತದೆ.

ಯಾವುದು ಸರಿ? 1936ರಷ್ಟು ಹಿಂದೆಯೇ ಸಾಲ್ ರೋಸೆನ್‌ಜ್ವೈಗ್ ಎಂಬ ಮನೋವಿಜ್ಞಾನಿ ಒಂದು ಕುತೂಹಲದ ಮಾತನ್ನು ಮುಂದಿಟ್ಟ. ಹೊರಗೆ ಪರಸ್ಪರ ಕಾದಾಡುವ ಪಂಥಗಳೆಲ್ಲವೂ ತಮ್ಮ ತಮ್ಮ ರೋಗಿಗಳನ್ನು ಗುಣಪಡಿಸುತ್ತವೆಯಾದರೆ, ಗುಣಕ್ಕೆ ಕಾರಣ ಅವುಗಳ ಭೇದದಲ್ಲಿರದೆ ಅವೆಲ್ಲಕ್ಕೂ ಸಾಮಾನ್ಯವಾದ ಅಂಶದಲ್ಲಿರಬಹುದಲ್ಲವೇ ಎಂಬುದು ಆತನ ತರ್ಕ. ಆ ಸಾಮಾನ್ಯ ಅಂಶಗಳಲ್ಲಿ ಮೊದಲನೆಯದು ಇಬ್ಬರ ನಡುವಣ ವಿಶ್ವಾಸ.

ಸಮನ್ವಯ ಪದ್ಧತಿ ನಿಂತಿರುವುದು ಈ ವಿಶ್ವಾಸದ ನೆಲಗಟ್ಟಿನ ಮೇಲೆ. ಅದರ ಮೇಲೆ ನಿಂತು, ಬಂದವರಿಗೆ ಯಾವುದು ಒಗ್ಗುವುದೋ ಅದನ್ನು ಬಳಸುತ್ತಾರೆ. ಸಿಕ್ಕ ಸಿಕ್ಕ ಔಷಧಿಗಳನ್ನು ಕಲೆಸಿ ಕುಡಿಸುವುದು ಸಮನ್ವಯವಲ್ಲ, ಕಲಬೆರಕೆ. ಯಾವ ಉಪಾಯವನ್ನು ಯಾರಿಗೆ, ಯಾವಾಗ, ಏಕೆ ಬಳಸಿದೆನೆಂದು ವಿವರಿಸಬಲ್ಲವನೇ ಸಮನ್ವಯಿ. ತರಬೇತಿಗೆ ವರ್ಷಗಳು ಹಿಡಿಯುವುದು ಈ ಕಾರಣದಿಂದ.

ಮೂವರ ಪಾಠ

ಈಗ ತರಬೇತಿಯ ಕೊಠಡಿಯೊಳಕ್ಕೆ ಹೋಗೋಣ. ಜೊತೆಗೆ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಸಂಡೂರು ತಾಲ್ಲೂಕಿನ, ತೋರಣಗಲ್ಲಿನ ಸಮೀಪದ ವಡ್ಡು ಗ್ರಾಮದವಳು. ಮನೋವಿಜ್ಞಾನವನ್ನು ಒಂದು ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡಿದ್ದಾಳೆ. ಅದಿರಿನ ಸುಗ್ಗಿಯ ಕಾಲದಲ್ಲಿ ತಂದೆ ಸಾಲಮಾಡಿ ಲಾರಿ ಕೊಂಡಿದ್ದರು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಈ ಸೀಮೆಯಲ್ಲಿ ಸಾಲುಸಾಲಾಗಿ ನಿಂತ ಲಾರಿಗಳಲ್ಲಿ ಅದೂ ಒಂದು. ಲಾರಿ ನಿಂತಿತು, ಸಾಲದ ಬಡ್ಡಿ ನಿಲ್ಲಲಿಲ್ಲ. ಆ ವರ್ಷಗಳ ರಾತ್ರಿಗಳಲ್ಲಿ ಕದದ ಸಂದಿಯಿಂದ ತಂದೆ-ತಾಯಿಯ ಜಗಳವನ್ನು ಕೇಳುತ್ತ ಈ ಹುಡುಗಿ ಬೆಳೆದಳು. ಇದು ಕಲ್ಪಿತ ಚಿತ್ರ. ಆದರೆ ಈ ಸೀಮೆಯವರಿಗೆ ಅಪರಿಚಿತವಾದ ಚಿತ್ರವಲ್ಲ.

ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದ ನಮ್ಮ ತರುಣಿಗೆ ಮೊದಲ ವಾರ ಬೇಸರವಾಗುತ್ತದೆ. ಪುಸ್ತಕದ ಪಾಠವನ್ನು ಆಕೆ ಬಲ್ಲಳು. ಎರಡನೆಯ ವಾರ ಮೂವರು ಮೂವರಾಗಿ ಕೂರಿಸುತ್ತಾರೆ. ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಮತ್ತೊಬ್ಬರು ಸುಮ್ಮನೆ ನೋಡುವವರು. ಹೇಳುವವರು ತಮ್ಮ ಬದುಕಿನ ನಿಜವಾದ ಒಂದು ಚಿಕ್ಕ ಕಳವಳವನ್ನು ಹೇಳಬೇಕು. ಕೇಳುವವರು ಸಲಹೆ ಕೊಡಕೂಡದು, ಸಮಾಧಾನ ಹೇಳಕೂಡದು, ತಮ್ಮ ಕಥೆ ಹೇಳಕೂಡದು. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹಿಂದಿರುಗಿಸಿ, ಸರಿಯಾಗಿ ಅರ್ಥವಾಯಿತೇ ಎಂದಷ್ಟೇ ಕೇಳಬೇಕು. ಹತ್ತು ನಿಮಿಷ. ನೋಡುವವರು ಗುರುತು ಹಾಕಿಕೊಳ್ಳುತ್ತಾರೆ: ಎಲ್ಲಿ ಮಾತು ಕಡಿಯಿತು, ಎಲ್ಲಿ ಕಣ್ಣು ಗಡಿಯಾರದ ಕಡೆಗೆ ಹೋಯಿತು, ಮೌನ ಬಂದಾಗ ಯಾರು ಹೆದರಿದರು.

ಎದುರು ಕುಳಿತ ಸಹಪಾಠಿ ತನ್ನ ತಂದೆಯ ಸಾಲದ ಮಾತೆತ್ತುತ್ತಾಳೆ. ಮೂರು ನಿಮಿಷ ಕಳೆದಿಲ್ಲ. ನಮ್ಮ ತರುಣಿ ಬಾಯಿ ಹಾಕುತ್ತಾಳೆ. "ಅಪ್ಪನ ಮುಂದ ಬ್ಯಾಂಕಿನ ಮಾತು ಎತ್ತಬ್ಯಾಡ. ಅಮ್ಮಗೂ ಸುಮ್ಮನಿರಂತ ಹೇಳು. ತಾನಾಗೇ ಸರಿಹೋಗ್ತೈತಿ."

ಕೊಠಡಿ ಸುಮ್ಮನಾಗುತ್ತದೆ. ಗುರುಗಳು ಗದರಿಸುವುದಿಲ್ಲ. ಮೆಲ್ಲಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಈ ಸಲಹೆಯನ್ನು ಯಾರಿಗೆ ಕೊಟ್ಟೆಯಮ್ಮ?"

ಆಗ ಆಕೆಗೆ ಅಳು ಬರುತ್ತದೆ. ಹತ್ತು ವರ್ಷಗಳ ಹಿಂದೆ ಕದದ ಸಂದಿಯಲ್ಲಿ ನಿಂತಿದ್ದ ಹುಡುಗಿಗೆ ಕೊಟ್ಟ ಸಲಹೆ ಅದು. ಸಹಪಾಠಿಯ ಮಾತನ್ನು ಆಕೆ ಕೇಳಿಯೇ ಇರಲಿಲ್ಲ.

ವೈದ್ಯನಿಗೇ ಮೊದಲ ಮದ್ದು

ಈ ತರಬೇತಿ ಇತರ ವಿದ್ಯೆಗಳಿಂದ ಬೇರೆಯಾಗುವುದು ಇಲ್ಲಿಯೇ. ಬಡಗಿ ತನ್ನ ಉಳಿಯನ್ನು ಹದಮಾಡುತ್ತಾನೆ. ಸಮಾಲೋಚಕಿಗೆ ಉಳಿಯೂ ತಾನೇ, ಹದಗೊಳ್ಳಬೇಕಾದವಳೂ ತಾನೇ. ಇಂಗ್ಲೆಂಡಿನ ಅನೇಕ ಮಾನವತಾವಾದಿ ಸಮನ್ವಯ ತರಗತಿಗಳಲ್ಲಿ ವಿದ್ಯಾರ್ಥಿಗಳು ತಾವೇ ಒಬ್ಬ ಸಮಾಲೋಚಕರ ಮುಂದೆ ಕುಳಿತು ತಮ್ಮ ಬದುಕನ್ನು ತೋಡಿಕೊಳ್ಳಬೇಕೆಂಬ ನಿಯಮವಿದೆ. ತನ್ನ ಹುಣ್ಣನ್ನು ಮುಟ್ಟಿ ನೋಡದವನು ಪರರ ಹುಣ್ಣನ್ನು ಮುಟ್ಟಿದರೆ, ಕೈ ನಡುಗುತ್ತದೆ ಇಲ್ಲವೇ ಒರಟಾಗುತ್ತದೆ.

ಎರಡನೆಯ ನಿಯಮ ಅನುಭವದ್ದು. ಬ್ರಿಟನ್ನಿನ ಸಮಾಲೋಚಕರ ಸಂಘವು 1977ರಲ್ಲಿ ಸ್ಥಾಪಿತವಾದದ್ದು. ಅದು ಮಾನ್ಯ ಮಾಡುವ ತರಗತಿಗಳಲ್ಲಿ ವಿದ್ಯಾರ್ಥಿ ಕನಿಷ್ಠ 100 ಗಂಟೆಗಳ ಕಾಲ ನಿಜವಾದ ಜನರೊಡನೆ ಕುಳಿತು ಕೆಲಸ ಮಾಡಿರಬೇಕು. ಅದೂ ಒಬ್ಬಂಟಿಯಾಗಿ ಅಲ್ಲ. ಪ್ರತಿಯೊಂದು ಪ್ರಕರಣವನ್ನೂ ಅನುಭವಿಗಳಾದ ಹಿರಿಯರ ಮುಂದಿಟ್ಟು ಚರ್ಚಿಸಬೇಕು. ಇದನ್ನು ಮೇಲ್ವಿಚಾರಣೆ ಎನ್ನುತ್ತಾರೆ. ಕಚೇರಿಯ ಮೇಲ್ವಿಚಾರಕರಂತೆ ಹಾಜರಿ ನೋಡುವ ಕೆಲಸವಲ್ಲ ಅದು. ಸಂಗೀತದ ಶಿಷ್ಯ ತಾನು ಹಾಡಿದ್ದನ್ನು ಗುರುಗಳ ಮುಂದೆ ಮತ್ತೆ ಹಾಡಿ ತೋರಿಸುವಂಥ ಕೆಲಸ. ಪದವಿ ಬಂದ ಮೇಲೂ ಅದು ನಿಲ್ಲುವುದಿಲ್ಲ.

ಮೂರನೆಯದು ಧರ್ಮದ ಕಟ್ಟುಪಾಡು. ಕೇಳಿದ್ದು ಹೊರಗೆ ಹೋಗಕೂಡದು. ಆದರೆ ಹೇಳಿದವರ ಪ್ರಾಣಕ್ಕಾಗಲಿ, ಬೇರೊಬ್ಬರ ಪ್ರಾಣಕ್ಕಾಗಲಿ, ಮಗುವಿಗಾಗಲಿ ಅಪಾಯವಿದೆಯೆಂದು ಕಂಡಾಗ ಗುಟ್ಟನ್ನು ಹಿಡಿದುಕೊಂಡು ಕೂರುವಂತಿಲ್ಲ. ಈ ಎಲ್ಲೆಯನ್ನು ಮೊದಲ ಭೇಟಿಯಲ್ಲಿಯೇ ಬಾಯಿಬಿಟ್ಟು ಹೇಳಿರಬೇಕು. ನಂಟು ಬೆಳೆಸುವುದು, ಸಾಲ ಕೊಡುಕೊಳ್ಳುವುದು, ಉಡುಗೊರೆಗೆ ಕೈಯೊಡ್ಡುವುದು, ಇವೆಲ್ಲ ನಿಷಿದ್ಧ.

ಕನ್ನಡ ನಾಡಿನ ಹೆಜ್ಜೆಗಳು

ಇದೆಲ್ಲ ಪರದೇಶದ ಸರಕು ಎಂದು ವಾಚಕರು ಭಾವಿಸಬಾರದು. ಮನೋವಿಜ್ಞಾನವು ಕನ್ನಡ ನಾಡಿಗೆ ಬಂದು ನೂರು ವರ್ಷಗಳಾದವು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದವರು ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು. ಇವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರು. ನಾಡಿಗೆ ಕೇಳುವುದನ್ನು ಕಲಿಸಿದವರು ಒಬ್ಬ ಮನೋವಿಜ್ಞಾನಿ ಎಂಬುದು ಸ್ವಾರಸ್ಯದ ಸಂಗತಿ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿಯವರು. ಮಾನಸಿಕ ಆಸ್ಪತ್ರೆಯೊಡನೆ ಅದು ಕೂಡಿಕೊಂಡು 1974ರಲ್ಲಿ ನಿಮ್ಹಾನ್ಸ್ ಆಯಿತು.

ಆ ನಿಮ್ಹಾನ್ಸಿನ ಕಥೆಯಲ್ಲಿ ನಮ್ಮ ಬಳ್ಳಾರಿ ಜಿಲ್ಲೆಗೆ ಒಂದು ಹೆಮ್ಮೆಯ ಅಧ್ಯಾಯವಿದೆ. 1982ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಘೋಷಿಸಿತು. ಕಾಗದದ ಮೇಲಿನ ಯೋಜನೆ ಹಳ್ಳಿಯಲ್ಲಿ ನಡೆಯಬಲ್ಲುದೇ? ಪರೀಕ್ಷಿಸಲು ನಿಮ್ಹಾನ್ಸಿನ ತಜ್ಞರು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಈ ಪ್ರಯೋಗ ನಡೆಯಿತು. ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹರಪನಹಳ್ಳಿ ಮೊದಲಾದ ತಾಲ್ಲೂಕುಗಳೆಲ್ಲ ಆಗ ಒಂದೇ ಜಿಲ್ಲೆಯಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಯನ್ನು ಗುರುತಿಸುವುದು ಹೇಗೆ, ಕೆಲವೇ ಔಷಧಿಗಳಿಂದ ನೆರವಾಗುವುದು ಹೇಗೆ, ಮನೆಯವರೊಡನೆ ಮಾತನಾಡುವುದು ಹೇಗೆ ಎಂಬುದನ್ನು ಕಲಿಸಿದರು. ಈ ಪ್ರಯೋಗದಿಂದ ಹುಟ್ಟಿದ 'ಬಳ್ಳಾರಿ ಮಾದರಿ'ಯನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ ಇತರ ಜಿಲ್ಲೆಗಳಿಗೆ ಹರಡಿತು. ಅದಿರಿಗೆ ಹೆಸರಾದ ಬಳ್ಳಾರಿಯ ಹೆಸರು ಮನಸ್ಸಿನ ವೈದ್ಯದ ಪುಸ್ತಕಗಳಲ್ಲಿಯೂ ಅಚ್ಚಾಗಿರುವುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಬಳ್ಳಾರಿಯ ಪಾಠ ಸರಳವಾದದ್ದು. ಮನಸ್ಸಿಗೆ ನೆರವಾಗುವ ವಿದ್ಯೆಯ ಒಂದು ಭಾಗವನ್ನು ಸಾಮಾನ್ಯ ಜನರಿಗೂ ಕಲಿಸಬಹುದು. ಗೋವೆಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿತು. ಅಲ್ಲಿ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ವೈದ್ಯರ ಜೊತೆಗೂಡಿ ಕೆಲಸ ಮಾಡಿದಾಗ ಖಿನ್ನತೆ-ಕಳವಳಗಳಿಂದ ಚೇತರಿಸಿಕೊಂಡವರ ಸಂಖ್ಯೆ ಹೆಚ್ಚಿತು. ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಪುಸ್ತಕಗಳ ಮೇಲೆ ಪುಸ್ತಕ ಬರೆದು, ಗೃಹಿಣಿಯರಿಗೂ ಶಿಕ್ಷಕರಿಗೂ ಆಪ್ತ ಸಮಾಲೋಚನೆಯ ಶಿಕ್ಷಣ ಕೊಟ್ಟು, ಈ ವಿದ್ಯೆಯನ್ನು ಮನೆಬಾಗಿಲಿಗೆ ತಂದರು. 2024ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಅಗತ್ಯವಂತೂ ಕಣ್ಣಿಗೆ ಕಾಣುವಂಥದು. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಮುಟ್ಟಿರಲಿಲ್ಲ.

ನಮ್ಮ ಸೀಮೆಯಲ್ಲಿ ಕಲಿಯುವ ಕಷ್ಟ

ಆದರೆ ಕಲಿತು ಊರಿಗೆ ಹಿಂದಿರುಗಿದ ನಮ್ಮ ತರುಣಿಗೆ ಪುಸ್ತಕದಲ್ಲಿ ಇಲ್ಲದ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು ಭಾಷೆ. ಆಕೆ ಓದಿದ್ದು ಇಂಗ್ಲಿಷಿನಲ್ಲಿ. ಆದರೆ ತೋರಣಗಲ್ಲಿನ ಸುತ್ತಮುತ್ತ ಜನ ಅಳುವುದು ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ. ಉಕ್ಕಿನ ಕಾರ್ಖಾನೆಗೆ ದೂರದೂರದಿಂದ ಬಂದವರು ಹಿಂದಿಯಲ್ಲಿ. 'ಖಿನ್ನತೆ' ಎಂಬ ಮಾತನ್ನು ಇವರಲ್ಲಿ ಯಾರೂ ಆಡುವುದಿಲ್ಲ. "ಜೀವಕ್ಕ ಬ್ಯಾಸರ", "ಕೈಕಾಲು ಸೋಲ್ತಾವ", "ಎದಿ ಮ್ಯಾಲ ಕಲ್ಲಿಟ್ಟಂಗ" ಎನ್ನುತ್ತಾರೆ. ಕಷ್ಟವನ್ನು ಮೈ ಹೇಳುತ್ತದೆ. ಮನಸ್ಸು ಅದರ ಹಿಂದೆ ನಿಂತಿರುತ್ತದೆ. ಪುಸ್ತಕದ ಪದವನ್ನು ಮರೆತು ಈ ಮಾತಿಗೆ ಕಿವಿಗೊಡುವುದನ್ನು ಆಕೆ ಎರಡನೆಯ ಸಲ ಕಲಿಯಬೇಕು.

ಎರಡನೆಯದು ಊರಿನ ಚಿಕ್ಕತನ. ಮಹಾನಗರದಲ್ಲಿ ಸಮಾಲೋಚಕಿ ಅಪರಿಚಿತೆ. ಇಲ್ಲಿ ಬಂದವರ ಅತ್ತಿಗೆ ಈಕೆಯ ಸಹಪಾಠಿಯಾಗಿರುತ್ತಾಳೆ. ಸಂತೆಯಲ್ಲಿ ಎದುರಾದಾಗ ಮಾತನಾಡಿಸಬೇಕೇ ಬೇಡವೇ? ಸಮಾಲೋಚಕಿಯ ಬಾಗಿಲು ತುಳಿದವರಿಗೆ "ತಲೆ ಕೆಟ್ಟೈತಿ" ಎಂಬ ಬಿರುದು ಕಾದಿರುತ್ತದೆ. ಆದುದರಿಂದ ಶಾಲೆ, ಆಸ್ಪತ್ರೆ, ಸಾಂತ್ವನ ಕೇಂದ್ರ ಎಂದು ಬೇರೆ ನೆಪದಿಂದ ಹೋಗಬಹುದಾದ ಕಡೆಯೇ ಕೆಲಸ ಸಾಗುವುದು. ಸಕ್ಕರೆಯ ಬಟ್ಟಲಿನ ನೆಪ ಇದ್ದ ಹಾಗೆ.

ಮೂರನೆಯದು ಹಿರಿಕಿರಿಯರ ಸಂಬಂಧ. ಬಂದವರು ಕೈಮುಗಿದು "ನೀವ ಹೇಳ್ರಿ ಅಮ್ಮಾರ, ನಾ ಏನು ಮಾಡ್ಲಿ?" ಎಂದು ಕೇಳುತ್ತಾರೆ. ಉತ್ತರ ನಿಮ್ಮಲ್ಲಿಯೇ ಇದೆ ಎಂದರೆ, ಈಕೆಗೆ ಏನೂ ಗೊತ್ತಿಲ್ಲವೆಂದು ಎದ್ದುಹೋಗುತ್ತಾರೆ. ಪಂಜಾಬಿನ ಮನೋವೈದ್ಯರೂ ಕವಿಗಳೂ ಆಗಿದ್ದ ಡಾ. ಜೆ. ಎಸ್. ನೇಕಿಯವರು 1973ರಲ್ಲಿಯೇ ಈ ಪ್ರಶ್ನೆಯನ್ನು ಎತ್ತಿದ್ದರು. ಭಾರತದಲ್ಲಿ ಚಿಕಿತ್ಸೆಯ ಸಂಬಂಧಕ್ಕೆ ಗುರು-ಶಿಷ್ಯ ಸಂಬಂಧವೇ ಏಕೆ ಮಾದರಿಯಾಗಬಾರದು ಎಂಬುದು ಅವರ ವಿಚಾರ. ರೋಜರ್ಸನ ಸಮಾನತೆ, ನೇಕಿಯವರ ಗುರುತ್ವ, ಎರಡನ್ನೂ ಬಲ್ಲವಳಿಗೆ ಒಂದು ನಡುದಾರಿ ಸಿಕ್ಕೀತು. ಮೊದಲು ಊರುಗೋಲಾಗಿ ನಿಂತು, ಕಾಲು ಗಟ್ಟಿಯಾಗುತ್ತ ಬಂದಂತೆ ಮೆಲ್ಲಗೆ ಸರಿದುಕೊಳ್ಳುವ ದಾರಿ. ಸಮನ್ವಯ ಎಂಬ ಮಾತಿಗೆ ನಮ್ಮ ನೆಲದಲ್ಲಿ ಇದೇ ಅರ್ಥವಿರಬಹುದು.

ಸೇರುವವರಿಗೆ ಎರಡು ಮಾತು

ಈ ವಿದ್ಯೆಗೆ ಸೇರಬೇಕೆನ್ನುವ ತರುಣ ತರುಣಿಯರಿಗೂ, ಅವರ ತಂದೆತಾಯಿಗಳಿಗೂ ಕೆಲವು ವಿವರಗಳು ಬೇಕಾದಾವು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮಾಂಟ್‌ಫೋರ್ಟ್ ಕಾಲೇಜು ಮೊದಲಾದ ಕಡೆ ಸಮಾಲೋಚನಾ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಶಿಕ್ಷಣ ಬೆಳೆದುಬಂದಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಸಮಾಲೋಚನೆ ಮತ್ತು ಕುಟುಂಬ ಚಿಕಿತ್ಸೆಯನ್ನು ದೂರಶಿಕ್ಷಣದ ವಿಷಯವಾಗಿಸಿದೆ. ಆಸ್ಪತ್ರೆಗಳಲ್ಲಿ ಚಿಕಿತ್ಸೆ ನೀಡುವ ಚಿಕಿತ್ಸಾ ಮನೋವಿಜ್ಞಾನಿಗಳ ಶಿಕ್ಷಣ ಬೇರೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಸಮಾಲೋಚಕರ ವಿಷಯದಲ್ಲಿ ಬಹುಕಾಲ ಯಾವ ಕಟ್ಟುನಿಟ್ಟಾದ ಕಾನೂನೂ ಇರಲಿಲ್ಲ. 2021ರ ಆರೋಗ್ಯಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಅಧಿನಿಯಮವು ಸಮಾಲೋಚಕರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ.

ಕಾನೂನು ಸಡಿಲವಿದ್ದ ಕಡೆ ಅರೆಬರೆ ಕಲಿತವರೂ ಫಲಕ ತಗಲಿಸುತ್ತಾರೆ. ವಾರಾಂತ್ಯದ ಎರಡು ದಿನಗಳಲ್ಲಿ ಸಮಾಲೋಚಕರನ್ನು ತಯಾರಿಸುತ್ತೇವೆ ಎನ್ನುವ ಜಾಹೀರಾತನ್ನು ಕಂಡರೆ ಮೂರು ಪ್ರಶ್ನೆ ಕೇಳಿ: ಕಲಿಯುವಾಗ ಎಷ್ಟು ಗಂಟೆ ನಿಜವಾದ ಜನರೊಡನೆ ಕೂರಿಸುತ್ತೀರಿ? ಮೇಲ್ವಿಚಾರಣೆ ಯಾರದು? ವಿದ್ಯಾರ್ಥಿಯ ಸ್ವಂತ ಕಳವಳವನ್ನು ಕೇಳುವವರು ಯಾರು? ಮೂರಕ್ಕೂ ಉತ್ತರವಿಲ್ಲದಿದ್ದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಸಮಾಲೋಚನೆ ಎಲ್ಲಕ್ಕೂ ಮದ್ದಲ್ಲ. ಇಲ್ಲದ ಧ್ವನಿಗಳು ಕೇಳಿಸುವವರಿಗೆ, ಸಾವಿನ ಮಾತು ಆಡುವವರಿಗೆ, ಊಟ ನಿದ್ರೆ ಪೂರ್ತಿ ಬಿಟ್ಟವರಿಗೆ ಮೊದಲು ಬೇಕಾದದ್ದು ಮನೋವೈದ್ಯರು. ಅಂಥವರನ್ನು ಗುರುತಿಸಿ, ವಿಳಂಬವಿಲ್ಲದೆ ಆಸ್ಪತ್ರೆಗೆ ಕಳುಹಿಸುವುದೂ ಸಮಾಲೋಚಕಿಯ ವಿದ್ಯೆಯೇ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೆನ್ನದೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ನಷ್ಟವೇನು?

ಮತ್ತೆ ಆ ಬಟ್ಟಲು

ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ಕಂಬಗಳು ತಟ್ಟಿದರೆ ನಾದಗೊಡುತ್ತವೆ ಎಂಬುದನ್ನು ಎಲ್ಲರೂ ಬಲ್ಲರು. ಜನ ತಟ್ಟಿ ತಟ್ಟಿ ಕಂಬಗಳು ಸವೆಯಬಾರದೆಂದು ಈಗ ಮುಟ್ಟಗೊಡುವುದಿಲ್ಲ. ಮನುಷ್ಯರ ವಿಷಯದಲ್ಲಿಯೂ ಇಷ್ಟು ಎಚ್ಚರ ನಮಗೆ ಬರಬೇಕು. ಒಳಗೆ ನಾದವಿದೆಯೆಂದು ತಿಳಿದಿರಬೇಕು. ಆದರೆ ಕುತೂಹಲಕ್ಕೆ ತಟ್ಟಬಾರದು.

ಎಲ್ಲರೂ ಸಮಾಲೋಚಕರಾಗಬೇಕಾಗಿಲ್ಲ. ಆ ತರಬೇತಿಯ ಮೊದಲ ಪಾಠವನ್ನು ಮಾತ್ರ ಎಲ್ಲರೂ ಎರವಲು ಪಡೆಯಬಹುದು. ಹೊಸಪೇಟೆಯ ಆ ಮನೆಯೊಡತಿ ನಾಳೆ ಮಧ್ಯಾಹ್ನ ಮರೆತುಹೋದ ಬಟ್ಟಲನ್ನು ಹಿಂದಿರುಗಿಸಲು ಪಕ್ಕದ ಮನೆಗೆ ತಾನೇ ಹೋಗುತ್ತಾಳೆಂದು ಭಾವಿಸೋಣ. ಬಟ್ಟಲಿನಲ್ಲಿ ಸಕ್ಕರೆ ತುಂಬಿಸಿಕೊಂಡು ಹೋಗಲಿ. ಆದರೆ ಸಲಹೆಗಳನ್ನು ಮನೆಯಲ್ಲಿ ಬಿಟ್ಟುಹೋಗಲಿ. ಹೋಗಿ ಕುಳಿತು ಇಷ್ಟೇ ಹೇಳಲಿ:

"ನಿನ್ನೆ ನೀ ಏನೋ ಹೇಳಾಕ ಬಂದಿದ್ದಿ. ನಾ ಕೇಳಲಿಲ್ಲ. ಈಗ ಹೇಳವ್ವಾ, ನನಗೇನೂ ಅವಸರಿಲ್ಲ."

ಆಮೇಲೆ ಸುಮ್ಮನಿರಲಿ. ಎದುರಿನಾಕೆ ಬಾಯಿ ತೆರೆಯಲು ಎಷ್ಟು ಹೊತ್ತು ಹಿಡಿದರೂ ಸರಿಯೇ. ಅಷ್ಟು ಹೊತ್ತೂ ಸುಮ್ಮನಿರುವುದನ್ನು ಕಲಿಯುವುದಕ್ಕೇ ವಡ್ಡುವಿನ ಆ ತರುಣಿ ರಾತ್ರಿಯ ರೈಲು ಹತ್ತಿ ಹೋದದ್ದು.